ಅಯೋರ್ಟಾ ಎಂಆರ್‌ಐ: ಪ್ಲೇನ್ ಸಾಕಾ, ಕಾಂಟ್ರಾಸ್ಟ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಯೋರ್ಟಾ ಸ್ಕ್ಯಾನ್ ಮಾಡಿಸಿ ಅಂತ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಕೆಲವೊಮ್ಮೆ ‘ಪ್ಲೇನ್’ ಅಂತಿರುತ್ತದೆ, ಕೆಲವೊಮ್ಮೆ ‘ಕಾಂಟ್ರಾಸ್ಟ್’ ಅಂತಿರುತ್ತದೆ. ಪ್ಲೇನ್ ಅಂದರೆ ಇಂಜೆಕ್ಷನ್ ಇಲ್ಲದೆ ಮಾಡುವ ಎಂಆರ್‌ಐ, ಕಾಂಟ್ರಾಸ್ಟ್ ಅಂದರೆ ರಕ್ತನಾಳ ಎದ್ದು ಕಾಣಲು ಔಷಧಿ ಚುಚ್ಚಿ ಮಾಡುವುದು. ಕಾಂಟ್ರಾಸ್ಟ್ ಅಂದ ಕೂಡಲೇ ಕೆಲವರಿಗೆ ಭಯ. ಪ್ಲೇನ್ ಅಂದರೆ ಇನ್ನು ಕೆಲವರಿಗೆ ಅನುಮಾನ, ಎಲ್ಲಿ ಅರ್ಧಂಬರ್ಧ ಪರೀಕ್ಷೆ ಆಗಿಬಿಡುತ್ತದೋ ಅಂತ. ಯಾವ ಸ್ಕ್ಯಾನ್ ಅನ್ನುವುದು ಮುಖ್ಯವಾಗಿ ಒಂದು ವಿಷಯದ ಮೇಲೆ ನಿಂತಿದೆ: ನಿಮ್ಮ ಅಯೋರ್ಟಾದಲ್ಲಿ ವೈದ್ಯರು ಏನನ್ನು ನೋಡಬೇಕಾಗಿದೆ? ಕೆಳಗಿನ ಉತ್ತರಗಳು ಹೆಚ್ಚಾಗಿ ಅದರ ಸುತ್ತಲೇ ಇವೆ. ಇದು ತಿಳಿವಳಿಕೆಗೆ ಮಾತ್ರ. ನಿಮ್ಮ ವಿಷಯದ ತೀರ್ಮಾನ ನಿಮ್ಮನ್ನು ನೋಡುತ್ತಿರುವ ವೈದ್ಯರದ್ದೇ.

ಅಯೋರ್ಟಾ ಅಂದರೆ ಯಾವುದು? ಸ್ಕ್ಯಾನ್‌ನಲ್ಲಿ ಎಷ್ಟು ಭಾಗ ನೋಡುತ್ತಾರೆ?

ಹೃದಯದಿಂದ ಹೊರಡುವ, ದೇಹದ ಅತಿ ದೊಡ್ಡ ರಕ್ತನಾಳ. ಮಹಾಪಧಮನಿ ಅಂತಲೂ ಕರೆಯುತ್ತಾರೆ. ಹೃದಯದ ವಾಲ್ವ್ ಹತ್ತಿರ ಇರುವುದು ಅದರ ಬುಡ. ಅಲ್ಲಿಂದ ಮೇಲೇರಿ, ಎದೆಯೊಳಗೆ ಕಮಾನಿನ ಹಾಗೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿದು, ಹೆಚ್ಚುಕಮ್ಮಿ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳ ಕಡೆ ಹೋಗುತ್ತದೆ. ದೊಡ್ಡವರಲ್ಲಿ ಮೇಲೇರುವ ಭಾಗದ ಅಗಲ ಸಾಮಾನ್ಯವಾಗಿ 3 ಸೆಂ.ಮೀ. ಆಸುಪಾಸು, ಹೊಟ್ಟೆಯ ಭಾಗದಲ್ಲಿ ಸುಮಾರು 2 ಸೆಂ.ಮೀ. ಹೊಟ್ಟೆಯಲ್ಲಿ ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ, ಅಂದರೆ ಉಬ್ಬು, ಅನ್ನುತ್ತಾರೆ.

ಎದೆಯ ಭಾಗ ಮಾತ್ರ, ಹೊಟ್ಟೆಯ ಭಾಗ ಮಾತ್ರ, ಅಥವಾ ಇಡೀ ಅಯೋರ್ಟಾ, ಹೀಗೆ ಮೂರು ರೀತಿ ಬರೆಯುತ್ತಾರೆ. ಚೀಟಿಯಲ್ಲಿ ಯಾವುದು ಇದೆ ಅಂತ ಒಮ್ಮೆ ನೋಡಿಕೊಳ್ಳಿ.

ಈ ಕಾಂಟ್ರಾಸ್ಟ್ ಅಂದರೆ ಏನು?

ಗ್ಯಾಡೊಲಿನಿಯಂ ಅನ್ನುವ ಲೋಹ ಇರುವ, ನೀರಿನಂಥ ಔಷಧಿ. ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಗ್ಯಾಡೊಲಿನಿಯಂ ಅನ್ನು ಹಾಗೇ ಕೊಟ್ಟರೆ ವಿಷ. ಅದಕ್ಕೇ ಅದನ್ನು ಇನ್ನೊಂದು ರಾಸಾಯನಿಕ ಅಣುವಿನೊಳಗೆ ಬಿಗಿಯಾಗಿ ಹಿಡಿದಿಟ್ಟಿರುತ್ತಾರೆ. ಇದು ರಕ್ತದಲ್ಲಿ ಬೆರೆತಾಗ ಎಂಆರ್‌ಐ ಚಿತ್ರದಲ್ಲಿ ರಕ್ತ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನದು ಮಂಕಾಗಿರುತ್ತದೆ.

ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಬಳಕೆಯಲ್ಲಿರುವ ಹಲವು ಔಷಧಿಗಳಿಗೆ ಲೆಕ್ಕ ಕೆ.ಜಿ.ಗೆ 0.2 ಮಿ.ಲೀ. ಅಂದರೆ 60 ಕೆ.ಜಿ. ತೂಕದವರಿಗೆ 12 ಮಿ.ಲೀ. ಕೆಲವು ಔಷಧಿಗಳು ಎರಡರಷ್ಟು ಗಾಢ, ಅವು ಅರ್ಧದಷ್ಟೇ ಸಾಕು. ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ ಬೇರೆ, ಇದು ಬೇರೆ. ಎರಡನ್ನೂ ‘ಡೈ’ ಅಂತಲೇ ಕರೆಯುವುದರಿಂದ ಗೊಂದಲ ಆಗುತ್ತದೆ.

ಕಾಂಟ್ರಾಸ್ಟ್ ಇಲ್ಲದೆ ರಕ್ತನಾಳ ಹೇಗೆ ಕಾಣುತ್ತದೆ?

ಚೆನ್ನಾಗಿಯೇ ಕಾಣುತ್ತದೆ. ಎಂಆರ್‌ಐ ಯಂತ್ರಕ್ಕೆ ರಕ್ತವನ್ನು ಗುರುತಿಸಲು ಬೇರೆ ದಾರಿಗಳೂ ಇವೆ. ರಕ್ತ ಒಂದು ದ್ರವ, ಸುತ್ತಲಿನ ಮಾಂಸ, ಕೊಬ್ಬು ಬೇರೆ ಬಗೆಯವು. ಆ ವ್ಯತ್ಯಾಸವನ್ನೇ ಹಿಡಿದು ರಕ್ತವನ್ನು ಬೆಳ್ಳಗೆ ತೋರಿಸುವ ವಿಧಾನವೊಂದಿದೆ, ಅದಕ್ಕೆ ಎಸ್‌ಎಸ್‌ಎಫ್‌ಪಿ ಅನ್ನುತ್ತಾರೆ. ಅಯೋರ್ಟಾದ ಪ್ಲೇನ್ ಸ್ಕ್ಯಾನ್‌ನಲ್ಲಿ ಮುಖ್ಯ ಕೆಲಸ ಹೆಚ್ಚಾಗಿ ಇದರದ್ದೇ. ಇದನ್ನು ಇಸಿಜಿಗೆ ಹೊಂದಿಸಿ, ಹೃದಯ ಎರಡು ಬಡಿತಗಳ ನಡುವೆ ಹೆಚ್ಚು ಅಲುಗಾಡದೆ ಇರುವ ಕ್ಷಣದಲ್ಲಷ್ಟೇ ಚಿತ್ರ ತೆಗೆಯುತ್ತಾರೆ. ಉಸಿರಾಟದ ಏರಿಳಿತವನ್ನೂ ಯಂತ್ರ ಗಮನಿಸುತ್ತಾ, ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಸರಿಯಾದ ಜಾಗದಲ್ಲಿದ್ದಾಗ ಸಿಕ್ಕ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ.

ಇನ್ನೊಂದು ವಿಧಾನದಲ್ಲಿ ಹರಿಯುವ ರಕ್ತ ಕಪ್ಪಾಗಿ ಕಾಣುತ್ತದೆ, ನಾಳದ ಗೋಡೆ ಎದ್ದು ಕಾಣುತ್ತದೆ. ಗೋಡೆ ದಪ್ಪವಾಗಿದೆಯಾ, ಅದರೊಳಗೆ ರಕ್ತ ಕಟ್ಟಿದೆಯಾ ಅಂತ ನೋಡಲು ಇದು ಬಹಳ ಉಪಯೋಗ. ಮೂರನೆಯದು ರಕ್ತ ಎಷ್ಟು ವೇಗದಲ್ಲಿ ಯಾವ ಕಡೆ ಹರಿಯುತ್ತಿದೆ ಅಂತ ಅಳೆಯುವುದು. ಇವು ಯಾವುದಕ್ಕೂ ಇಂಜೆಕ್ಷನ್ ಬೇಕಿಲ್ಲ.

ಹಾಗಾದರೆ ಕಾಂಟ್ರಾಸ್ಟ್ ಹಾಕಿದಾಗ ಒಳಗೆ ಏನು ನಡೆಯುತ್ತದೆ?

ಇಲ್ಲಿ ಎಲ್ಲವೂ ಸಮಯದ ಆಟ. ಔಷಧಿ ಅಯೋರ್ಟಾದಲ್ಲಿ ತುಂಬಿಕೊಂಡಿರುವ ಹೊತ್ತು ಬಹಳ ಕಮ್ಮಿ, ಕೆಲವೇ ಸೆಕೆಂಡು. ಆಮೇಲೆ ಅದು ದೇಹವೆಲ್ಲ ಹರಡಿ, ಮಲಿನ ರಕ್ತದ ನಾಳಗಳೂ ಬೆಳ್ಳಗಾಗಿ, ಚಿತ್ರ ಕಲಸುಮೇಲೋಗರ ಆಗುತ್ತದೆ.

ಅದಕ್ಕೇ ಮೊದಲು ಕೈಗೆ ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಇಡುವ ಸಣ್ಣ ನಳಿಕೆ, ಹಾಕಿ, ಅದನ್ನು ಇಂಜೆಕ್ಟರ್ ಯಂತ್ರಕ್ಕೆ ಜೋಡಿಸುತ್ತಾರೆ. ಔಷಧಿ ಸೆಕೆಂಡಿಗೆ ಸುಮಾರು 2 ಮಿ.ಲೀ. ವೇಗದಲ್ಲಿ ಹೋಗುತ್ತದೆ, ಅದರ ಹಿಂದೆಯೇ ಸಲೈನ್ ಹೋಗುತ್ತದೆ. ಹೊರಗೆ ಕೂತ ಟೆಕ್ನಿಷಿಯನ್ ಪರದೆಯ ಮೇಲೆ ಕಣ್ಣು ನೆಟ್ಟಿರುತ್ತಾರೆ. ಸೆಕೆಂಡಿಗೊಂದು ಮಂಕು ಚಿತ್ರ ಬರುತ್ತಿರುತ್ತದೆ. ಮೊದಲು ಹೃದಯದ ಬಲಭಾಗ ಬೆಳಗುತ್ತದೆ. ಆಮೇಲೆ ಶ್ವಾಸಕೋಶದ ನಾಳಗಳು. ಆಮೇಲೆ ಹೃದಯದ ಎಡಭಾಗ. ಅಯೋರ್ಟಾ ಬೆಳ್ಳಗಾಗತೊಡಗಿದ್ದೇ ತಡ, ನಿಮ್ಮ ಕಿವಿಯಲ್ಲಿ ‘ಉಸಿರು ತಗೊಳ್ಳಿ, ಬಿಡಿ, ಹಿಡಿದುಕೊಳ್ಳಿ’ ಅನ್ನುವ ಮಾತು ಬರುತ್ತದೆ. ಮುಖ್ಯ ಚಿತ್ರಗಳೆಲ್ಲ ಮುಂದಿನ 15–25 ಸೆಕೆಂಡಿನಲ್ಲಿ ಮುಗಿಯುತ್ತವೆ. ಆ ಹೊತ್ತಿನಲ್ಲಿ ಕೆಮ್ಮಿದರೆ ಚಿತ್ರ ಹಾಳು. ಇನ್ನೊಮ್ಮೆ ಮಾಡೋಣ ಅಂದರೆ ಔಷಧಿ ಆಗಲೇ ಎಲ್ಲಾ ಕಡೆ ಹರಡಿರುತ್ತದೆ. ಪ್ಲೇನ್ ಸ್ಕ್ಯಾನ್‌ನಲ್ಲಿ ಈ ತಲೆಬಿಸಿ ಇಲ್ಲ, ಚಿತ್ರ ಸರಿ ಬರಲಿಲ್ಲ ಅಂದರೆ ಮತ್ತೆ ತೆಗೆದರಾಯಿತು.

ಕಾಂಟ್ರಾಸ್ಟ್ ಬಳಸಿ ರಕ್ತನಾಳಗಳ ಮೂರು ಆಯಾಮದ ಎಂಆರ್‌ಐ ಚಿತ್ರ ತೆಗೆಯುವ ಈ ಕ್ರಮ 1990ರ ದಶಕದ ಮೊದಲ ವರ್ಷಗಳಲ್ಲಿ ಬಂತು. ಮುಂದೆ ತುಂಬಾ ವರ್ಷ ಅಯೋರ್ಟಾಗೆ ಎಂಆರ್‌ಎ (ರಕ್ತನಾಳಗಳ ಎಂಆರ್‌ಐ) ಅಂದರೆ ಕಾಂಟ್ರಾಸ್ಟ್ ಅಂತಲೇ ಆಗಿತ್ತು.

ಅಗಲದ ಅಳತೆ ಎರಡರಲ್ಲೂ ಒಂದೇ ಬರುತ್ತದಾ?

ಹೆಚ್ಚಿನ ಭಾಗಗಳಲ್ಲಿ ಹತ್ತಿರ ಹತ್ತಿರ ಒಂದೇ. ಆದರೆ ಎರಡು ಜಾಗದಲ್ಲಿ ಹುಷಾರಾಗಿರಬೇಕು.

ಒಂದು, ಅಯೋರ್ಟಾದ ಬುಡ. ಹೃದಯಕ್ಕೆ ಅಂಟಿಕೊಂಡೇ ಇರುವುದರಿಂದ ಪ್ರತಿ ಬಡಿತಕ್ಕೂ ಅದು ಮೇಲೆ ಕೆಳಗೆ ಅಲುಗಾಡುತ್ತದೆ. ಸಾಮಾನ್ಯ ಕಾಂಟ್ರಾಸ್ಟ್ ಸ್ಕ್ಯಾನ್ ಇಸಿಜಿಗೆ ಹೊಂದಿಸದೆ ಒಂದೇ ಉಸಿರಿನಲ್ಲಿ ಮಾಡುವಂಥದ್ದು. ಅದರಲ್ಲಿ ಹಲವು ಬಡಿತಗಳ ಚಿತ್ರ ಒಂದರ ಮೇಲೊಂದು ಬಿದ್ದು ಬುಡದ ಅಂಚು ಮಸುಕಾಗುತ್ತದೆ. ಮಸುಕಾದ ಅಂಚಿನಲ್ಲಿ ಎಲ್ಲಿಂದ ಎಲ್ಲಿಗೆ ಅಳೆಯುವುದು? ಇಲ್ಲಿ ಇಸಿಜಿಗೆ ಹೊಂದಿಸಿದ ಪ್ಲೇನ್ ಸ್ಕ್ಯಾನ್ ಗೆಲ್ಲುತ್ತದೆ. ಕಾಂಟ್ರಾಸ್ಟ್ ಅಂದರೆ ಯಾವಾಗಲೂ ಮೇಲು ಅಂದುಕೊಂಡವರಿಗೆ ಇದು ಆಶ್ಚರ್ಯ ಅನ್ನಿಸಬಹುದು.

ಎರಡು, ಒಳಗೋಡೆಗೆ ರಕ್ತ ಹೆಪ್ಪುಗಟ್ಟಿರುವ ಉಬ್ಬು. ಹೊಟ್ಟೆಯ ಅನ್ಯೂರಿಸಂಗಳಲ್ಲಿ ಇದು ಸಾಮಾನ್ಯ. ಕಾಂಟ್ರಾಸ್ಟ್ ತೋರಿಸುವುದು ರಕ್ತ ಹರಿಯುವ ಜಾಗವನ್ನು ಮಾತ್ರ. ಉದಾಹರಣೆಗೆ ಉಬ್ಬಿನ ಹೊರ ಅಗಲ 5.6 ಸೆಂ.ಮೀ. ಇದೆ, ಒಳಗೆ ಸುತ್ತಲೂ ಹೆಪ್ಪು ತುಂಬಿ ರಕ್ತ ಹರಿಯಲು 3.5 ಸೆಂ.ಮೀ. ದಾರಿ ಉಳಿದಿದೆ ಅಂದುಕೊಳ್ಳಿ. ಮೂರು ಆಯಾಮದ ಆ ಸುಂದರ ಬಿಳಿ ಚಿತ್ರವನ್ನಷ್ಟೇ ನೋಡಿದರೆ ಸಣ್ಣ ಉಬ್ಬು ಅನ್ನಿಸುತ್ತದೆ. ನಿಜಕ್ಕೂ ಅದು ಆಪರೇಷನ್ ಬಗ್ಗೆ ಮಾತಾಡಬೇಕಾದ ಗಾತ್ರ. ಅದಕ್ಕೇ ಗೋಡೆ ಕಾಣುವ ಪ್ಲೇನ್ ಚಿತ್ರಗಳನ್ನು ಕಾಂಟ್ರಾಸ್ಟ್ ಸ್ಕ್ಯಾನ್‌ನಲ್ಲೂ ಮೊದಲು ತೆಗೆದಿಟ್ಟುಕೊಳ್ಳುತ್ತಾರೆ.

ಹೋದ ವರ್ಷ 4.2 ಸೆಂ.ಮೀ. ಇತ್ತು, ಈ ವರ್ಷ 4.4 ಅಂತ ಬಂದಿದೆ. ಬೆಳೆದಿದೆ ಅಂತಲೇ ಅರ್ಥವಾ?

ಗಾಬರಿ ಬೇಡ. ಬೆಳೆದಿರಬಹುದು, ಬೆಳೆಯದೆಯೂ ಇರಬಹುದು. ಈ ಚಿತ್ರಗಳ ಒಂದೊಂದು ಚುಕ್ಕಿಯೇ 1ರಿಂದ 1.5 ಮಿ.ಮೀ. ಅಗಲ ಇರುತ್ತದೆ. ಒಬ್ಬರೇ ಎರಡು ಸಲ ಅಳೆದರೂ 1–2 ಮಿ.ಮೀ. ಆಚೀಚೆ ಆಗುವುದು ಸಹಜ.

ಇದರ ಮೇಲೆ ವಿಧಾನವೂ ಬದಲಾಗಿದ್ದರೆ ಲೆಕ್ಕ ಇನ್ನೂ ತಪ್ಪುತ್ತದೆ. ಕೆಲವರು ಒಳ ಅಂಚಿನಿಂದ ಒಳ ಅಂಚಿಗೆ ಅಳೆಯುತ್ತಾರೆ, ಕೆಲವರು ಗೋಡೆಯನ್ನೂ ಸೇರಿಸಿ. ಅಷ್ಟಕ್ಕೇ ಕೆಲವು ಮಿ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ನಾಳ ಓರೆಯಾಗಿ ಹೋಗುವ ಕಡೆ ಅದಕ್ಕೆ ಸರಿಯಾಗಿ ಅಡ್ಡಲಾಗಿ ಕತ್ತರಿಸಿ ಅಳೆಯಬೇಕು. ಓರೆಯಾಗಿ ಕತ್ತರಿಸಿದ ಸೌತೆಕಾಯಿ ಬಿಲ್ಲೆ ಹೇಗೆ ಉದ್ದವಾಗಿ ಕಾಣುತ್ತದೋ, ಹಾಗೆ ಇಲ್ಲೂ ಅಗಲ ಸುಮ್ನೆ ಜಾಸ್ತಿ ಬರುತ್ತದೆ.

ಎದೆಯ ಅಯೋರ್ಟಾದಲ್ಲಿ ವೈದ್ಯರು ತಲೆಕೆಡಿಸಿಕೊಳ್ಳುವ ಬೆಳವಣಿಗೆ ಅಂದರೆ ಒಂದೇ ವರ್ಷದಲ್ಲಿ 5 ಮಿ.ಮೀ. ಅಥವಾ ಸತತ ಎರಡು ವರ್ಷ ವರ್ಷಕ್ಕೆ 3 ಮಿ.ಮೀ. ಮೇಲೇರುವ ಭಾಗ 5.5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಆಪರೇಷನ್ ಸಲಹೆ ಕೊಡುತ್ತಾರೆ. ಮಾರ್ಫನ್ ಸಿಂಡ್ರೋಮ್‌ನಂಥ, ಹುಟ್ಟಿನಿಂದಲೇ ನಾಳದ ಗೋಡೆ ದುರ್ಬಲವಾಗಿರುವ ತೊಂದರೆ ಇದ್ದವರಿಗೆ ಇದಕ್ಕಿಂತ ಮೊದಲೇ.

ಹಾಗಾಗಿ ಒಂದು ಖಡಾಖಂಡಿತ ಮಾತು: ವರ್ಷ ವರ್ಷ ನೋಡಿಸಿಕೊಳ್ಳುವವರು ಆದಷ್ಟೂ ಒಂದೇ ರೀತಿಯ ಸ್ಕ್ಯಾನ್ ಮಾಡಿಸಿ. ಒಂದು ವರ್ಷ ಎಕೊ (ಹೃದಯದ ಅಲ್ಟ್ರಾಸೌಂಡ್), ಇನ್ನೊಂದು ವರ್ಷ ಸಿಟಿ, ಮತ್ತೊಂದು ವರ್ಷ ಎಂಆರ್‌ಐ ಅಂತ ಮಾಡಿಸಿ ಮೂರು ಸಂಖ್ಯೆಗಳನ್ನು ಹೋಲಿಸುವುದಕ್ಕಿಂತ, ಮೂರು ವರ್ಷವೂ ಒಂದೇ ಬಗೆಯ ಪ್ಲೇನ್ ಎಂಆರ್‌ಐ ಮಾಡಿಸುವುದು ಎಷ್ಟೋ ಮೇಲು. ಹಳೆಯ ಸಿ.ಡಿ. ಕೊಟ್ಟರೆ ರೇಡಿಯಾಲಜಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು, ಅದೇ ಜಾಗದಲ್ಲಿ ಮತ್ತೆ ಅಳೆಯಬಹುದು. ಬರೀ ರಿಪೋರ್ಟ್ ಕಾಗದದಿಂದ ಇದು ಆಗುವುದಿಲ್ಲ.

ಪ್ಲೇನ್ ಸ್ಕ್ಯಾನ್ ಯಾರಿಗೆ ಸಾಕು?

ಬರೀ ಗಾತ್ರ ನೋಡಬೇಕಾದವರಿಗೆ ಹೆಚ್ಚಾಗಿ ಸಾಕು. ಹುಟ್ಟಿನಿಂದಲೇ ಅಯೋರ್ಟಾ ವಾಲ್ವ್‌ನಲ್ಲಿ ಮೂರರ ಬದಲು ಎರಡೇ ಎಸಳು ಇರುವವರಿದ್ದಾರೆ. ನೂರರಲ್ಲಿ ಒಬ್ಬಿಬ್ಬರಲ್ಲಿ ಹೀಗಿರುತ್ತದೆ, ಅಂಥವರಲ್ಲಿ ಕೆಲವರಿಗೆ ಅಯೋರ್ಟಾ ನಿಧಾನವಾಗಿ ಅಗಲವಾಗುತ್ತದೆ. ಮಾರ್ಫನ್ ಅಥವಾ ಟರ್ನರ್ ಸಿಂಡ್ರೋಮ್ (ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದ ಬರುವ ಕ್ರೋಮೋಸೋಮ್ ತೊಂದರೆ) ಇರುವವರು ಇನ್ನೊಂದು ಗುಂಪು. ಇವರೆಲ್ಲ ಚಿಕ್ಕ ವಯಸ್ಸಿನಿಂದ ಜೀವನಪೂರ್ತಿ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ಪ್ರತಿ ಸಲವೂ ಇಂಜೆಕ್ಷನ್ ಯಾಕೆ, ಅಲ್ವಾ? ಅಗಲ ಎಷ್ಟಿದೆ ಅನ್ನುವ ಪ್ರಶ್ನೆಗೆ ಒಳ್ಳೆಯ ಪ್ಲೇನ್ ಸ್ಕ್ಯಾನ್ ಪೂರ್ತಿ ಉತ್ತರ ಕೊಡುತ್ತದೆ.

ಗೋಡೆಯೊಳಗೆ ರಕ್ತ ಕಟ್ಟಿರುವ ಅನುಮಾನ ಇದ್ದಾಗಲೂ ಪ್ಲೇನ್ ಚಿತ್ರಗಳೇ ಮುಖ್ಯ. ಕೆಲವು ದಿನ ಹಳೆಯದಾದ ರಕ್ತ ಗೋಡೆಯಲ್ಲಿ ಅರ್ಧಚಂದ್ರಾಕಾರದಲ್ಲಿ ತಾನಾಗಿ ಬೆಳ್ಳಗೆ ಕಾಣುತ್ತದೆ.

ಕಾಂಟ್ರಾಸ್ಟ್ ಬೇಕೇ ಬೇಕು ಅನ್ನುವುದು ಯಾವಾಗ?

ಗಾತ್ರದಾಚೆ ಏನಾದರೂ ತಿಳಿಯಬೇಕಾದಾಗ. ಕೆಲವು ಸಂದರ್ಭ ಹೇಳುತ್ತೇನೆ.

ಗೋಡೆಯ ಉರಿಯೂತ. ಟಕಯಾಸು ಅನ್ನುವ ಕಾಯಿಲೆಯಲ್ಲಿ ಅಯೋರ್ಟಾದ ಗೋಡೆಯೇ ಊದಿಕೊಂಡು ದಪ್ಪವಾಗುತ್ತದೆ. ಜಪಾನಿನ ಕಣ್ಣಿನ ವೈದ್ಯರೊಬ್ಬರು 1908ರಲ್ಲಿ ಗುರುತಿಸಿದ ಕಾಯಿಲೆ ಇದು, ಅವರ ಹೆಸರೇ ಅದಕ್ಕೆ ಬಂದಿದೆ. ಗೋಡೆ ದಪ್ಪವಾಗಿರುವುದು ಪ್ಲೇನ್‌ನಲ್ಲೂ ಗೊತ್ತಾಗುತ್ತದೆ. ಆದರೆ ಕಾಂಟ್ರಾಸ್ಟ್ ಕೊಟ್ಟು ಕೆಲವು ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಗೋಡೆ ಔಷಧಿ ಹೀರಿಕೊಂಡು ಹೊಳೆಯುತ್ತಿದ್ದರೆ, ಉರಿಯೂತ ಇನ್ನೂ ಇರಬಹುದು ಅನ್ನುವ ಸುಳಿವು ಸಿಗುತ್ತದೆ. ಚಿಕಿತ್ಸೆ ಮುಂದುವರಿಸಬೇಕಾ ಅನ್ನುವ ತೀರ್ಮಾನಕ್ಕೆ ರಕ್ತಪರೀಕ್ಷೆಗಳ ಜೊತೆ ಇದೂ ಸೇರುತ್ತದೆ.

ಉಬ್ಬಿನೊಳಗೆ ಸ್ಟೆಂಟ್ ಗ್ರಾಫ್ಟ್ (ಬಟ್ಟೆಯ ಹೊದಿಕೆ ಇರುವ ಕೃತಕ ಕೊಳವೆ) ಹಾಕಿದ್ದಾಗ ಅದರ ಹೊರಗೆ ರಕ್ತ ಸೋರುತ್ತಿದೆಯಾ ಅಂತ ನೋಡಲು ಕಾಂಟ್ರಾಸ್ಟ್ ಬೇಕು. ಗ್ರಾಫ್ಟ್‌ಗೆ ಸೋಂಕು ತಗಲಿರುವ ಅನುಮಾನಕ್ಕೂ ಅಷ್ಟೇ.

ಕವಲುಗಳ ಬಗ್ಗೆ ಪ್ರಶ್ನೆ ಇದ್ದರೆ, ಅಂದರೆ ಕುತ್ತಿಗೆ, ಕೈ, ಕರುಳು, ಕಿಡ್ನಿಗೆ ಹೋಗುವ ನಾಳಗಳಲ್ಲಿ ದಾರಿ ಕಿರಿದಾಗಿದೆಯಾ ಅಂತ ನೋಡುವಾಗ, ಕಾಂಟ್ರಾಸ್ಟ್ ಚಿತ್ರದ ಮೇಲೆ ನಂಬಿಕೆ ಜಾಸ್ತಿ. ಕಿರಿದಾದ ಕಡೆ ರಕ್ತ ಸುಳಿಸುಳಿಯಾಗಿ ನುಗ್ಗುತ್ತದೆ. ಅಂಥ ಜಾಗದಲ್ಲಿ ಪ್ಲೇನ್ ಚಿತ್ರ ಕಪ್ಪಾಗಿ, ಇದ್ದದ್ದಕ್ಕಿಂತ ಹೆಚ್ಚು ಕಿರಿದಾಗಿ ಕಾಣಬಹುದು.

ಡಿಸೆಕ್ಷನ್, ಅಂದರೆ ಗೋಡೆಯ ಒಳಪದರ ಸೀಳಿ ರಕ್ತಕ್ಕೆ ಎರಡು ದಾರಿ ಆಗಿರುವ ಸ್ಥಿತಿ. ಸೀಳು ಇದೆಯಾ ಅನ್ನುವುದು ಪ್ಲೇನ್‌ನಲ್ಲಿ ತಿಳಿಯುತ್ತದೆ. ಎರಡನೆಯ ದಾರಿಯಲ್ಲಿ ರಕ್ತ ನಿಧಾನವಾಗಿ ಹರಿಯುತ್ತಿದೆಯಾ ಅಥವಾ ಹೆಪ್ಪುಗಟ್ಟಿ ನಿಂತೇಹೋಗಿದೆಯಾ, ಯಾವ ಕವಲಿಗೆ ಯಾವ ದಾರಿಯಿಂದ ರಕ್ತ ಸಿಗುತ್ತಿದೆ ಅನ್ನುವುದಕ್ಕೆ ಕಾಂಟ್ರಾಸ್ಟ್ ಸ್ಪಷ್ಟ ಉತ್ತರ ಕೊಡುತ್ತದೆ.

ಇದ್ದಕ್ಕಿದ್ದಂತೆ ಎದೆಯಲ್ಲಿ, ಬೆನ್ನಲ್ಲಿ ಸೀಳಿದಂಥ ನೋವು ಬಂದರೆ ಎಂಆರ್‌ಐ ಮಾಡಿಸಬೇಕಾ?

ಮೊದಲು ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಹೆಚ್ಚಾಗಿ ಸಿಟಿ ಮಾಡುತ್ತಾರೆ, ಅದೇ ಸರಿ. ಸಿಟಿ ಕೆಲವೇ ನಿಮಿಷದ ಕೆಲಸ, ರೋಗಿಯ ಮೇಲೆ ಕಣ್ಣಿಡುವುದೂ ಸುಲಭ. ಎಂಆರ್‌ಐ ಇರುವುದು ಆರಾಮಾಗಿ ಮಲಗಬಲ್ಲವರಿಗೆ.

ಹಾಗಿದ್ದರೆ ಯಾವಾಗಲೂ ಸಿಟಿಯನ್ನೇ ಮಾಡಿಸಬಹುದಲ್ಲ?

ಸಿಟಿಯಲ್ಲಿ ಚಿತ್ರ ಬಹಳ ಚೂಪು, ನಾಳದ ಗೋಡೆಗೆ ಕಟ್ಟಿರುವ ಕ್ಯಾಲ್ಸಿಯಂ ಕೂಡ ಚೆನ್ನಾಗಿ ಕಾಣುತ್ತದೆ. ಎಂಆರ್‌ಐನಲ್ಲಿ ಕ್ಯಾಲ್ಸಿಯಂ ಸರಿಯಾಗಿ ಕಾಣುವುದಿಲ್ಲ. ಆದರೆ ಸಿಟಿಯಲ್ಲಿ ವಿಕಿರಣ ಇದೆ, ಅಯೋರ್ಟಾಗೆ ಅಂದರೆ ಸಾಮಾನ್ಯವಾಗಿ ಅಯೋಡಿನ್ ಕಾಂಟ್ರಾಸ್ಟ್ ಕೂಡ ಬೇಕು. ಇಪ್ಪತ್ತರ ವಯಸ್ಸಿನವರು ಐವತ್ತು ವರ್ಷ ಸ್ಕ್ಯಾನ್ ಮಾಡಿಸಬೇಕು ಅಂದಾಗ ಇದು ಸಣ್ಣ ವಿಷಯ ಅಲ್ಲ.

ಕಿಡ್ನಿ ತೊಂದರೆ ಇದ್ದವರಿಗೆ ಗ್ಯಾಡೊಲಿನಿಯಂ ಅಪಾಯವಾ?

ಈ ಭಯಕ್ಕೆ ಹಿನ್ನೆಲೆ ಇದೆ. ಕಿಡ್ನಿ ತೀರಾ ಹಾಳಾದ ಕೆಲವರಲ್ಲಿ ಚರ್ಮ ಗಟ್ಟಿಯಾಗಿ, ಕೀಲುಗಳು ಬಿಗಿದು, ಒಳ ಅಂಗಗಳಿಗೂ ತೊಂದರೆ ಆಗುವ ಎನ್‌ಎಸ್‌ಎಫ್ ಅನ್ನುವ ಕಾಯಿಲೆ ಕಾಣಿಸಿಕೊಂಡಿತು. 2006ರಲ್ಲಿ ಇದಕ್ಕೂ ಗ್ಯಾಡೊಲಿನಿಯಂಗೂ ನಂಟು ಇರುವುದು ಬೆಳಕಿಗೆ ಬಂತು. ಮರುವರ್ಷವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಆಮೇಲೆ ತಿಳಿದದ್ದು, ಎಲ್ಲಾ ಗ್ಯಾಡೊಲಿನಿಯಂ ಔಷಧಿಗಳೂ ಒಂದೇ ಅಲ್ಲ ಅಂತ. ಲೋಹವನ್ನು ಸಡಿಲವಾಗಿ ಹಿಡಿದಿಟ್ಟ ಕೆಲವು ಹಳೆಯ ಔಷಧಿಗಳಿಂದಲೇ ಹೆಚ್ಚಿನ ತೊಂದರೆ ಆಗಿತ್ತು. ಲೋಹದ ಸುತ್ತ ಬಳೆಯಂತೆ ಬಿಗಿಯಾಗಿ ಸುತ್ತಿಕೊಂಡಿರುವ ಔಷಧಿಗಳಲ್ಲಿ ಈ ಅಪಾಯ ತೀರಾ ಕಮ್ಮಿ. ಯುರೋಪಿನಲ್ಲಿ 2017ರಲ್ಲಿ ಹಳೆಯ ಬಗೆಯ ಹಲವು ಔಷಧಿಗಳನ್ನು ನಿಲ್ಲಿಸಲಾಯಿತು. ಈಗ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ರಕ್ತಪರೀಕ್ಷೆಯ ಲೆಕ್ಕ) 30ಕ್ಕಿಂತ ಕೆಳಗಿದ್ದರೆ ವೈದ್ಯರು ಯೋಚನೆ ಮಾಡಿ, ಸುರಕ್ಷಿತ ಗುಂಪಿನ ಔಷಧಿಯನ್ನೇ, ಬೇಕಾದಷ್ಟೇ ಪ್ರಮಾಣದಲ್ಲಿ ಕೊಡುತ್ತಾರೆ.

ಈ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಕಾಂಟ್ರಾಸ್ಟ್ ಇಲ್ಲದ ವಿಧಾನಗಳ ಕಡೆಗೆ ಎಲ್ಲರ ಗಮನ ಹೊಸದಾಗಿ ಹರಿಯಿತು.

ಡಯಾಲಿಸಿಸ್ ಮಾಡಿಸಿಕೊಳ್ಳುವವರು?

ಪ್ಲೇನ್‌ನಲ್ಲಿ ಕೆಲಸ ಆಗುತ್ತದಾ ಅಂತ ಮೊದಲು ನೋಡುತ್ತಾರೆ. ಕಾಂಟ್ರಾಸ್ಟ್ ಬೇಕೇ ಬೇಕು ಅಂದರೆ ಸ್ಕ್ಯಾನ್ ಆದ ಮೇಲೆ ಬೇಗ ಡಯಾಲಿಸಿಸ್ ಬರುವ ಹಾಗೆ ದಿನ ಹೊಂದಿಸುತ್ತಾರೆ. ಎರಡೂ ಕಡೆಯವರಿಗೆ ನೀವೇ ಮುಂಚೆ ತಿಳಿಸಿ.

ಗ್ಯಾಡೊಲಿನಿಯಂ ಮೆದುಳಿನಲ್ಲಿ ಉಳಿದುಬಿಡುತ್ತದೆ ಅಂತಾರಲ್ಲ, ನಿಜವಾ?

ಅತಿ ಸಣ್ಣ ಪ್ರಮಾಣದಲ್ಲಿ ಉಳಿಯುವುದು ನಿಜ. ಕಿಡ್ನಿ ಚೆನ್ನಾಗಿದ್ದರೆ ಔಷಧಿಯ ಅರ್ಧ ಭಾಗ ಸುಮಾರು ಒಂದೂವರೆ ಎರಡು ಗಂಟೆಯಲ್ಲಿ ಮೂತ್ರದಲ್ಲಿ ಹೋಗುತ್ತದೆ, ಒಂದು ದಿನದೊಳಗೆ ಶೇ 90ಕ್ಕಿಂತ ಜಾಸ್ತಿ ಹೊರಗೆ. ಆದರೂ ಹಲವು ಸಲ ಕಾಂಟ್ರಾಸ್ಟ್ ಪಡೆದವರ ಮೆದುಳಿನ ಕೆಲವು ಭಾಗಗಳು ಎಂಆರ್‌ಐನಲ್ಲಿ ಬೆಳ್ಳಗೆ ಕಾಣುವುದನ್ನು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಇಲ್ಲೂ ಸಡಿಲ ಬಗೆಯ ಔಷಧಿಗಳಲ್ಲೇ ಉಳಿಯುವುದು ಜಾಸ್ತಿ. ಕಿಡ್ನಿ ಸರಿಯಿರುವವರಿಗೆ ಇದರಿಂದ ಕಾಯಿಲೆ ಬರುತ್ತದೆ ಅಂತ ಸಾಬೀತಾಗಿಲ್ಲ. ಬೇಕಾದಾಗ ಒಮ್ಮೆ ಹಾಕಿಸಿಕೊಳ್ಳಲು ಇದಕ್ಕಾಗಿ ಹೆದರಬೇಕಿಲ್ಲ. ಬೇಡದಿದ್ದಾಗ ವರ್ಷ ವರ್ಷ ಹಾಕಿಸಿಕೊಳ್ಳುವ ಅಗತ್ಯವೂ ಇಲ್ಲ.

ಅಲರ್ಜಿ ಆಗುತ್ತದಾ? ನನಗೆ ಸಿಟಿ ಡೈ ಆಗಿಬರುವುದಿಲ್ಲ.

ಗ್ಯಾಡೊಲಿನಿಯಂ ಅಲರ್ಜಿ ನೂರರಲ್ಲಿ ಒಬ್ಬರಿಗಿಂತ ಕಮ್ಮಿ ಜನರಿಗೆ ಆಗುವಂಥದ್ದು. ಹೆಚ್ಚಿನವು ದದ್ದು, ತುರಿಕೆಯಲ್ಲೇ ಮುಗಿಯುತ್ತವೆ. ಜೀವಕ್ಕೆ ತೊಂದರೆ ಆಗುವಂಥ ತೀವ್ರ ಅಲರ್ಜಿ ಬಹಳ ಅಪರೂಪ, ಆದರೂ ಅದಕ್ಕೆ ಬೇಕಾದ ಔಷಧಿ ಸ್ಕ್ಯಾನ್ ಕೋಣೆಯ ಹತ್ತಿರವೇ ಸಿದ್ಧವಿರುತ್ತದೆ. ಸಿಟಿಯ ಅಯೋಡಿನ್ ಡೈಗೆ ಅಲರ್ಜಿ ಇದೆ ಅಂದ ಮಾತ್ರಕ್ಕೆ ಗ್ಯಾಡೊಲಿನಿಯಂ ಕೊಡಬಾರದು ಅಂತೇನಿಲ್ಲ. ಹಿಂದೆ ಗ್ಯಾಡೊಲಿನಿಯಂಗೇ ತೊಂದರೆ ಆಗಿದ್ದರೆ ಮಾತ್ರ ತಪ್ಪದೆ ಹೇಳಿ.

ಇಂಜೆಕ್ಷನ್ ಹೋಗುವಾಗ ಕೈ ತಣ್ಣಗಾಗುವುದು, ಬಾಯಲ್ಲಿ ಲೋಹದ ರುಚಿ, ಒಂದಿಷ್ಟು ಹೊಟ್ಟೆ ತೊಳಸುವುದು ಕೆಲವರಿಗೆ ಆಗುತ್ತದೆ. ಅದು ಅಲರ್ಜಿ ಅಲ್ಲ, ತಾನಾಗಿ ಹೋಗುತ್ತದೆ. ಕ್ಯಾನುಲಾ ಹಾಕಿದ ಜಾಗ ಊದಿ ಉರಿದರೆ ಸಿಬ್ಬಂದಿಯನ್ನು ಕರೆಯಲು ಕೈಗೆ ಕೊಟ್ಟಿರುವ ರಬ್ಬರ್ ಬಲ್ಬ್ ಅಮುಕಿ ತಕ್ಷಣ ತಿಳಿಸಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು?

ಗರ್ಭಿಣಿಯರಿಗೆ ಅನಿವಾರ್ಯವಾದರೆ ಹೊರತು ಗ್ಯಾಡೊಲಿನಿಯಂ ಕೊಡುವುದಿಲ್ಲ, ಪ್ಲೇನ್ ಎಂಆರ್‌ಐ ಮಾಡಬಹುದು. ಮಾರ್ಫನ್ ಇರುವ ಗರ್ಭಿಣಿಯರ ಅಯೋರ್ಟಾವನ್ನು ಎಕೊ ಜೊತೆಗೆ ಹೀಗೆಯೇ ಗಮನಿಸುತ್ತಾರೆ. ಹಾಲುಣಿಸುವವರಿಗೆ ತೊಂದರೆ ಇಲ್ಲ. ಎದೆಹಾಲಿಗೆ ಬರುವ ಔಷಧಿ ಎಷ್ಟು ಕಮ್ಮಿ ಅಂದರೆ ಹಾಲು ನಿಲ್ಲಿಸುವ ಅಗತ್ಯವಿಲ್ಲ ಅಂತಲೇ ಈಗಿನ ಸಲಹೆ.

ಸ್ಟೆಂಟ್, ಕೃತಕ ವಾಲ್ವ್, ಪೇಸ್‌ಮೇಕರ್ ಇದ್ದರೆ?

ಕೃತಕ ವಾಲ್ವ್ ಇದ್ದರೂ ಸಾಮಾನ್ಯವಾಗಿ ಮಾಡಬಹುದು. ಆದರೆ ವಾಲ್ವ್ ಸುತ್ತ ಚಿತ್ರ ಕೆಡುತ್ತದೆ. ನಿಟಿನಾಲ್ ಲೋಹದ ಸ್ಟೆಂಟ್‌ಗಳಲ್ಲಿ ಚಿತ್ರ ಅಷ್ಟಾಗಿ ಹಾಳಾಗುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಆದರೆ ಅಲ್ಲೊಂದು ದೊಡ್ಡ ಕಪ್ಪು ಮಚ್ಚೆಯೇ ಬೀಳುತ್ತದೆ. ಲೋಹದ ಕಾಟ ಎಸ್‌ಎಸ್‌ಎಫ್‌ಪಿ ವಿಧಾನಕ್ಕೆ ಹೆಚ್ಚು, ಹೀಗಾಗಿ ಅಂಥವರಲ್ಲಿ ಕಾಂಟ್ರಾಸ್ಟ್ ಚಿತ್ರ ಒಂದು ಕೈ ಮೇಲು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತನ್ನಿ. ಎಂಆರ್‌ಐಗೆ ಹೊಂದುವ ಮಾದರಿಯಾ ಅಂತ ನೋಡದೆ ಒಳಗೆ ಬಿಡುವುದಿಲ್ಲ. ತಲೆಯೊಳಗೆ ಆಪರೇಷನ್‌ನಲ್ಲಿ ಹಾಕಿದ ಹಳೆಯ ಕಾಲದ ಲೋಹದ ಕ್ಲಿಪ್ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ಹೃದಯ ಬಡಿತ ಏರುಪೇರಾಗುತ್ತದೆ, ಉಸಿರು ಹಿಡಿಯಲೂ ಆಗುವುದಿಲ್ಲ. ಏನು ಮಾಡುವುದು?

ಇವೆರಡೂ ಬೇರೆ ಬೇರೆ ಕಡೆಗೆ ಎಳೆಯುತ್ತವೆ. ಬಡಿತ ತಾಳ ತಪ್ಪಿದ್ದರೆ ಇಸಿಜಿಗೆ ಹೊಂದಿಸುವ ಪ್ಲೇನ್ ಸ್ಕ್ಯಾನ್ ಎಳೆದಾಡುತ್ತದೆ, ಚಿತ್ರವೂ ಮಸುಕು. ಅಲ್ಲಿ ಒಂದೇ ಉಸಿರಿನ ಕಾಂಟ್ರಾಸ್ಟ್ ಅನುಕೂಲ. ಉಸಿರು ಹಿಡಿಯಲಾಗದವರಿಗೆ ಸಹಜವಾಗಿ ಉಸಿರಾಡುತ್ತಲೇ ಮಾಡುವ ಪ್ಲೇನ್ ವಿಧಾನ ಅನುಕೂಲ. ಎರಡು ತೊಂದರೆಯೂ ಇದ್ದರೆ? ಟೆಕ್ನಿಷಿಯನ್ ಅನುಭವ ಕೆಲಸಕ್ಕೆ ಬರುವುದೇ ಇಲ್ಲಿ. ಇಸಿಜಿಯೂ ಬೇಡದ, ಇಂಜೆಕ್ಷನ್ನೂ ಬೇಡದ ಹೊಸ ವಿಧಾನಗಳು ಕೆಲವು ಯಂತ್ರಗಳಲ್ಲಿ ಬಂದಿವೆ. ವೇಗವಾಗಿ ಒಂದೊಂದೇ ಚಿತ್ರ ತೆಗೆಯುವ ದಾರಿಯೂ ಇದೆ.

ಸ್ಕ್ಯಾನ್‌ಗೆ ಎಷ್ಟು ಹೊತ್ತು ಬೇಕು?

ಯಾವುದಾದರೂ ಹೆಚ್ಚುಕಮ್ಮಿ 30–45 ನಿಮಿಷ. ಕಾಂಟ್ರಾಸ್ಟ್ ಚಿತ್ರ ಸೆಕೆಂಡುಗಳಲ್ಲಿ ಮುಗಿದರೂ ಅದರ ಹಿಂದೆ ಮುಂದೆ ಬೇರೆ ಚಿತ್ರಗಳು, ಕ್ಯಾನುಲಾ ಹಾಕುವ ಕೆಲಸ ಇರುತ್ತವೆ. ಪ್ಲೇನ್‌ನಲ್ಲಿ ಒಂದೇ ಸರಣಿಗೆ 5–10 ನಿಮಿಷ ಹೋಗಬಹುದು.

ಊಟ, ಮಾತ್ರೆ ಬಿಡಬೇಕಾ?

ಪ್ಲೇನ್‌ಗೆ ಸಾಮಾನ್ಯವಾಗಿ ಬೇಡ. ಕಾಂಟ್ರಾಸ್ಟ್ ಇದ್ದರೆ ಕೆಲವು ಕಡೆ ಕೆಲವು ಗಂಟೆ ಏನೂ ತಿನ್ನಬೇಡಿ ಅನ್ನುತ್ತಾರೆ, ಅವರು ಹೇಳಿದಂತೆ ಮಾಡಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಗ್ಯಾಡೊಲಿನಿಯಂಗಾಗಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ.

3 ಟೆಸ್ಲಾ ಯಂತ್ರದಲ್ಲೇ ಮಾಡಿಸಬೇಕಾ?

ಬೇಕಿಲ್ಲ. ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಶಕ್ತಿಯ ಅಳತೆ. ಕಾಂಟ್ರಾಸ್ಟ್ ಸ್ಕ್ಯಾನ್‌ಗೆ 3 ಟೆಸ್ಲಾ ಚೆನ್ನ. ಆದರೆ ಎಸ್‌ಎಸ್‌ಎಫ್‌ಪಿ ಬಗೆಯ ಪ್ಲೇನ್ ಚಿತ್ರಗಳಲ್ಲಿ 3 ಟೆಸ್ಲಾದಲ್ಲಿ ಕಪ್ಪು ಪಟ್ಟೆಗಳ ಕಾಟ ಜಾಸ್ತಿ. ಅದಕ್ಕೆ 1.5 ಟೆಸ್ಲಾನೇ ವಾಸಿ. ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ.

ಗ್ಯಾಡೊಲಿನಿಯಂ ಬದಲು ಬೇರೆ ಕಾಂಟ್ರಾಸ್ಟ್ ಇದೆಯಾ?

ಫೆರುಮಾಕ್ಸಿಟಾಲ್ ಅಂತ ಕಬ್ಬಿಣದ ಔಷಧಿಯೊಂದಿದೆ. ಅದು ಮೂಲತಃ ಕಿಡ್ನಿ ರೋಗಿಗಳ ರಕ್ತಹೀನತೆಗೆ ಬಂದದ್ದು. ಗಂಟೆಗಟ್ಟಲೆ ರಕ್ತದಲ್ಲೇ ಉಳಿಯುವುದರಿಂದ ಚಿತ್ರ ತೆಗೆಯಲು ಅವಸರ ಬೇಕಿಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗುವ ಕಾರಣ 2015ರಲ್ಲಿ ಎಫ್‌ಡಿಎ ಅದಕ್ಕೂ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಎಲ್ಲಾ ಕಡೆ ಸಿಗುವುದಿಲ್ಲ.

ಪ್ಲೇನ್ ಅಂತ ಬರೆದಿತ್ತು. ಮಲಗಿದ ಮೇಲೆ ಕಾಂಟ್ರಾಸ್ಟ್ ಬೇಕು ಅಂತಾರೆ. ಯಾಕೆ?

ಪ್ಲೇನ್ ಚಿತ್ರ ಬರುತ್ತಿದ್ದಂತೆ ರೇಡಿಯಾಲಜಿಸ್ಟ್ ನೋಡುತ್ತಾರೆ. ಗೋಡೆ ಅನುಮಾನಾಸ್ಪದವಾಗಿ ದಪ್ಪ ಇದ್ದರೆ, ಸೀಳಿನಂಥ ಗೆರೆ ಕಂಡರೆ, ಲೋಹದಿಂದ ಚಿತ್ರ ಕೆಟ್ಟಿದ್ದರೆ, ಅಲ್ಲೇ ಕಾಂಟ್ರಾಸ್ಟ್ ಕೊಟ್ಟು ಮುಗಿಸುವುದು ವಾಸಿ. ಇಲ್ಲದಿದ್ದರೆ ಇನ್ನೊಂದು ದಿನ ಮತ್ತೆ ಬರಬೇಕು. ಉಲ್ಟಾ ಕೂಡ ಆಗುತ್ತದೆ: ಕಾಂಟ್ರಾಸ್ಟ್ ಅಂತ ಬರೆದಿದ್ದರೂ ಪ್ಲೇನ್‌ನಲ್ಲೇ ಎಲ್ಲಾ ಗೊತ್ತಾಗಿ, ಇಂಜೆಕ್ಷನ್ ಬೇಡ ಅಂತ ಕಳಿಸುತ್ತಾರೆ. ಏನೇ ಆದರೂ ಕಾರಣ ಕೇಳುವ, ಬೇಡ ಅನ್ನುವ ಹಕ್ಕು ನಿಮಗಿದೆ. ಬೇಡ ಅಂದರೆ ಯಾವ ಪ್ರಶ್ನೆಗೆ ಉತ್ತರ ಸಿಗದೆ ಉಳಿಯುತ್ತದೆ ಅಂತ ಕೇಳಿ ತಿಳಿದುಕೊಂಡು ಹೇಳಿ.

ರಿಪೋರ್ಟ್ ಬಂದಾಗ ಏನೇನು ನೋಡಿಕೊಳ್ಳಬೇಕು?

ಪ್ಲೇನಾ, ಕಾಂಟ್ರಾಸ್ಟಾ ಅಂತ ಬರೆದಿರಬೇಕು. ಇಸಿಜಿಗೆ ಹೊಂದಿಸಿದ್ದಾರಾ, ಅಗಲವನ್ನು ಒಳ ಅಂಚಿನಿಂದ ಅಳೆದರಾ, ಹೊರ ಅಂಚಿನಿಂದಾ ಅನ್ನುವುದೂ ಇದ್ದರೆ ಒಳ್ಳೆಯದು. ಬುಡ, ಮೇಲೇರುವ ಭಾಗ, ಕಮಾನು, ಕೆಳಗಿಳಿಯುವ ಭಾಗ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕು. ‘ಅಯೋರ್ಟಾ ಅಗಲವಾಗಿದೆ’ ಅಂತ ಒಂದೇ ಸಾಲು ಇದ್ದರೆ ಎಲ್ಲಿ, ಎಷ್ಟು ಅಂತ ಬರೆಸಿಕೊಳ್ಳಿ. ಕಾಂಟ್ರಾಸ್ಟ್ ಕೊಟ್ಟಿದ್ದರೆ ಔಷಧಿಯ ಹೆಸರು, ಪ್ರಮಾಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಯಾರಾದರೂ ‘ಹಿಂದೆ ಯಾವುದು ಕೊಟ್ಟಿದ್ದರು’ ಅಂತ ಕೇಳಿದರೆ ಉತ್ತರ ಕೈಯಲ್ಲೇ ಇರುತ್ತದೆ.